‘ಆಮೇಲೆ’ ಎಂದ ಕೈ

ಸಜಿತ ದೀಪದ ಬತ್ತಿಯನ್ನು ಮೇಲಕ್ಕೆಳೆದಳು. ಗಿಂಡಿಯಿಂದ ಎಳ್ಳೆಣ್ಣೆಯನ್ನು ತೆಳ್ಳಗೆ ಸುರಿದಳು. ಉರಿ ಒಮ್ಮೆ ಬಾಗಿ ಮತ್ತೆ ನೆಟ್ಟಗಾಯಿತು. ಬೆರಳಿಗಂಟಿದ ಎಣ್ಣೆಯನ್ನು ಕೂದಲಿಗೆ ಒರೆಸಿಕೊಂಡು, ನೆಲದ ಮೇಲೆ ಬಿದ್ದ ಹನಿಯನ್ನು ಹಳೆಯ ಬಟ್ಟೆಯಿಂದ ಒತ್ತಿ ತೆಗೆದಳು.

ಮಹಾನವಮಿಯ ಮಧ್ಯಾಹ್ನ. ವೈದ್ಯಶಾಲೆಯ ದೊಡ್ಡ ಹಜಾರದಲ್ಲಿ ಅವಳೊಬ್ಬಳೇ ಇದ್ದಳು.

ಮೇಜುಗಳ ಮೇಲೆ ಕಂಪ್ಯೂಟರುಗಳು ಸಾಲಾಗಿ ಬಿಳಿ ಬಟ್ಟೆ ಹೊದ್ದು ಕೂತಿದ್ದವು. ಪ್ರತಿಯೊಂದು ಕೀಲಿಮಣೆಯ ಮೇಲೂ, ಮೌಸಿನ ಮೇಲೂ ಒಂದು ಬೊಟ್ಟು ಗಂಧ, ಒಂದು ಕೇಪಳ ಹೂ. ಅಷ್ಟಮಿಯ ಸಂಜೆ ಪೂಜೆಗೆ ಇಟ್ಟದ್ದನ್ನು ದಶಮಿಯ ಬೆಳಿಗ್ಗೆಯವರೆಗೆ ಇಲ್ಲಿ ಯಾರೂ ಮುಟ್ಟುವುದಿಲ್ಲ. ಬಿಲ್ಲು ಬರೆಯುವವರು ಬಿಲ್ಲು ಬರೆಯುವುದಿಲ್ಲ. ಮಕ್ಕಳು ಪುಸ್ತಕ ತೆರೆಯುವುದಿಲ್ಲ.

ಅದಕ್ಕಾಗಿಯೇ ಸಜಿತ ಈ ದಿನಗಳನ್ನು ಆರಿಸಿಕೊಂಡಿದ್ದಳು. ಕಂಪ್ಯೂಟರುಗಳ ಹಳೆಯ ಆಪರೇಟಿಂಗ್ ಸಿಸ್ಟಂ ತೆಗೆದು ಹೊಸದನ್ನು ಕೂರಿಸುವ ಕೆಲಸ ಅವಳದು. ಬೇರೆ ದಿನಗಳಲ್ಲಿ ಹೇಳಿದರೆ ಒಬ್ಬರೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಸೂಚನೆ ಬಂದ ಕೂಡಲೇ ಎಲ್ಲರೂ ‘ಆಮೇಲೆ’ ಎಂಬ ಗುಂಡಿ ಒತ್ತಿ ತಮ್ಮ ಪಾಡಿಗೆ ತಾವಿರುತ್ತಿದ್ದರು. ಪೂಜೆಗಿಟ್ಟ ಮೇಲೆ ಒತ್ತುವ ಕೈಯೇ ಇಲ್ಲ. ಯಂತ್ರಗಳನ್ನು ಆರಿಸಬೇಡಿ ಎಂದಷ್ಟೇ ಅವಳು ಬೇಡಿಕೊಂಡಿದ್ದಳು.

ಬಟ್ಟೆಯ ಅಡಿಯಲ್ಲಿ ಎಲ್ಲೋ ಒಂದು ಫ್ಯಾನು ಗುಂಯ್ ಎಂದಿತು. ಮೂಲೆಯ ಕಂಪ್ಯೂಟರಿನ ಪರದೆ ಬಟ್ಟೆಯ ಹಿಂದೆ ನೀಲಿಯಾಗಿ ಬೆಳಗಿ, ಕಣ್ಣು ಮುಚ್ಚಿದ ಹಾಗೆ ಆರಿತು. ಸಜಿತಳಿಗೆ ಅದು ಗೊತ್ತಿದ್ದ ವಿಷಯವೇ. ಆದರೂ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರ್ಕೊಂಡ್ಯಾ ಮೋಳೇ?"

ಬಾಗಿಲಲ್ಲಿ ಎಸ್‌ಐ ಅನ್ನಕ್ಕುಟ್ಟಿ ನಿಂತಿದ್ದರು. ಸಜಿತಳನ್ನು ಅವರು ಕರೆಯುವುದೇ ಹಾಗೆ, ಮಗಳೇ ಎಂದು. ಬೂಟು ಹೊರಗೆ ಬಿಟ್ಟು ಬಂದಿದ್ದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

"ನಮ್ಮೂರು ಪಾಲಾದ ಕ್ರೈಸ್ತರ ಮನೇಲಿ ಈ ಪೂಜೆಗಿಡೋದೆಲ್ಲ ಇಲ್ಲಪ್ಪ. ಇದ್ದಿದ್ರೆ ನಾನು ಚಿಕ್ಕವಳಿದ್ದಾಗ ಲೆಕ್ಕದ ಪುಸ್ತಕಾನ ವರ್ಷಪೂರ್ತಿ ಪೂಜೆಗೇ ಇಟ್ಬಿಡ್ತಿದ್ದೆ. ಅದ್ಸರಿ, ಫೋನಲ್ಲಿ ಅಷ್ಟು ನಡುಗ್ತಾ ಮಾತಾಡ್ದೆಯಲ್ಲ, ಏನದು?"

ಅವರ ಹಿಂದೆ ಗೇಟಿನ ಕಾವಲುಗಾರ ಅಲವಿ ನಿಂತಿದ್ದ. ಊಟದ ಪೊಟ್ಟಣವನ್ನು ಬಿಚ್ಚದೆ ಎದೆಗೆ ಒತ್ತಿ ಹಿಡಿದಿದ್ದ. ಸಜಿತ ಕೆಲಸಕ್ಕೆ ಸೇರಿದ ಮೊದಲ ದಿನ ಅವಳಿಗೆ ಊಟ ತರಲು ಮರೆತುಹೋಗಿತ್ತು. ಆಗ ತನ್ನ ಪೊರೋಟದಲ್ಲಿ ಅರ್ಧ ಹರಿದು ಕೊಟ್ಟವನು ಈ ಮುದುಕ. ಅಂದಿನಿಂದ ಅವನು ಅವಳಿಗೆ ಅಲವಿಕ್ಕ, ಅಲವಿಯಣ್ಣ.

"ಇವರನ್ನ ಯಾಕೆ ಕರ್ಕೊಂಡು ಬಂದ್ರಿ ಮೇಡಂ?"

"ನಾನು ಕರ್ಕೊಂಡು ಬಂದಿಲ್ಲ, ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಸಂಜೆಯೊಳಗೆ ಠಾಣೆಗೆ ತರ್ಬೇಕು ಅಂತ ಡಿವೈಎಸ್ಪಿ ಸಾಹೇಬ್ರ ಅಪ್ಪಣೆ. ಕೊಲೆ ಕೇಸು."

ಅಲವಿ ತಲೆ ಎತ್ತಲಿಲ್ಲ.

ಓಣಂ ರಜೆ ಮುಗಿದ ವಾರ, ವೈದ್ಯಶಾಲೆಯ ಔಷಧಿಗಳನ್ನು ಪರೀಕ್ಷಿಸುತ್ತಿದ್ದ ಸತ್ಯಭಾಮ ವಾರಸ್ಯಾರ್ ಕಾಣೆಯಾಗಿದ್ದಳು. ಅವಳ ಚಪ್ಪಲಿ ನಿಳಾ ಹೊಳೆಯ ಮೆಟ್ಟಿಲ ಮೇಲೆ ಸಿಕ್ಕಿತು. ಅವಳ ಕೊಡೆ ಅಲವಿಯ ಕಾವಲು ಗೂಡಿನಲ್ಲಿ ಸಿಕ್ಕಿತು. ಹೆಣ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಕೊಡೆ ಹೇಗೆ ಬಂತೆಂದು ಎಷ್ಟು ಕೇಳಿದರೂ ಅಲವಿ ಬಾಯಿ ಬಿಟ್ಟಿರಲಿಲ್ಲ.

"ಅದಕ್ಕೇ ಬೇಗ ತೋರಿಸು" ಎಂದರು ಅನ್ನಕ್ಕುಟ್ಟಿ. "ಈ ಮುದುಕನ್ನ ಬಿಡಿಸೋವಂಥದ್ದು ಏನಾದ್ರೂ ಇದ್ರೆ ಈಗ್ಲೇ ಇರ್ಬೇಕು. ಲಾಕಪ್ಪಿಗೆ ಹೋದ್ಮೇಲೆ ಇವನು ಮಾಡಿಲ್ಲ ಅನ್ನೋದನ್ನೂ ಮಾಡಿದೀನಿ ಅಂದ್ಬಿಡ್ತಾನೆ. ಆ ಠಾಣೆ ನಂಗೊತ್ತು."

ಸಜಿತ ತನ್ನ ಲ್ಯಾಪ್‌ಟಾಪನ್ನು ತಿರುಗಿಸಿದಳು.

"ಇದನ್ನ ಪೂಜೆಗೆ ಇಡ್ಲಿಲ್ವಾ?"

"ಯಾರಾದ್ರೂ ಒಬ್ರು ಪಾಪ ಕಟ್ಕೋಬೇಕಲ್ಲ ಮೇಡಂ. ಅಮ್ಮನಿಗೆ ಹೇಳ್ಬೇಡಿ."

ಪರದೆಯ ಮೇಲೆ ವೈದ್ಯಶಾಲೆಯ ಎಲ್ಲ ಕಂಪ್ಯೂಟರುಗಳ ಹೆಸರಿತ್ತು. ಪಟ್ಟಾಂಬಿಯ ಅಂಗಡಿ, ಒಟ್ಟಪ್ಪಾಲದ ಅಂಗಡಿ, ಉಗ್ರಾಣ, ಕಷಾಯದ ಮನೆ. ಮುಗಿದವುಗಳ ಪಕ್ಕದಲ್ಲಿ ಹಸಿರು ಚುಕ್ಕೆ. ಒಂದೇ ಒಂದು ಹೆಸರಿನ ಪಕ್ಕದಲ್ಲಿ ಹಳದಿ ಚುಕ್ಕೆ ಇತ್ತು. ಅದು ಪರೀಕ್ಷಾ ಕೋಣೆ.

"ಇದು ಭಾಮ ಚೇಚಿಯ ಕಂಪ್ಯೂಟರು" ಎಂದಳು ಸಜಿತ. ಕಾಣೆಯಾದ ಸತ್ಯಭಾಮ ಅವಳಿಗೆ ಅಕ್ಕನಂತೆ, ಚೇಚಿ. "ಅಷ್ಟಮಿ ಸಂಜೆ ಎಲ್ಲದಕ್ಕೂ ಸೂಚನೆ ಕಳಿಸ್ದೆ. ಎಲ್ಲ ಒಪ್ಕೊಂಡ್ವು. ಇದು ಮಾತ್ರ ‘ಆಮೇಲೆ’ ಅಂತು. ರಾತ್ರಿ ಮತ್ತೆ ಕೇಳ್ತು, ಮತ್ತೆ ‘ಆಮೇಲೆ’. ಇವತ್ತು ಬೆಳಿಗ್ಗೇನೂ ಅಷ್ಟೇ."

"ಯಂತ್ರ ಕೆಟ್ಟಿರ್ಬೋದು."

"ಯಾರೂ ಏನೂ ಒತ್ತದೆ ಇದ್ರೆ ಅದು ಸ್ವಲ್ಪ ಹೊತ್ತು ಕಾದು ತಾನೇ ಶುರು ಹಚ್ಕೊಳ್ಳತ್ತೆ ಮೇಡಂ. ‘ಆಮೇಲೆ’ ಅನ್ನೋಕೆ ಮನುಷ್ಯರ ಕೈ ಬೇಕು."

ಹಜಾರದಲ್ಲಿ ದೀಪದ ಎಣ್ಣೆ ಚಿಟ್ ಎಂದದ್ದು ಕೇಳಿಸಿತು.

ಅನ್ನಕ್ಕುಟ್ಟಿಯವರ ಮುಖದಿಂದ ನಗೆ ಮಾಯವಾಯಿತು. ಪರೀಕ್ಷಾ ಕೋಣೆಗೆ ಅರಗಿನ ಮುದ್ರೆ ಹಾಕಿದ್ದು ಅವರೇ. ಒಂದು ಯಂತ್ರವನ್ನೂ ಪೂಜೆಯಿಂದ ಬಿಡಬಾರದೆಂದು ಆಫೀಸಿನವರು ಗೋಗರೆದದ್ದಕ್ಕೆ ಅಷ್ಟಮಿಯ ಸಂಜೆ ಮುದ್ರೆ ಒಡೆದು, ಅರ್ಚಕ ತಿರುಮೇನಿ ಒಳಗೆ ಹೋಗಿ ಗಂಧ ಹಚ್ಚುವವರೆಗೆ ಪಕ್ಕದಲ್ಲೇ ನಿಂತು, ಮತ್ತೆ ಮುದ್ರೆ ಒತ್ತಿದ್ದರು.

ಅಲವಿ ಒಂದು ಹೆಜ್ಜೆ ಮುಂದೆ ಬಂದ.

"ಯಾವಾಗ ಒತ್ತಿದ್ದು ಅಂದೆ ಮೋಳೇ?"

"ಪೂಜೆಗಿಟ್ಟ ಮೇಲೆ ಅಲವಿಕ್ಕ."

"ಇಟ್ಟ ಮೇಲಾ? ಸರಿಯಾಗಿ ನೋಡು. ಅದಕ್ಕೆ ಮೊದಲಲ್ವಾ?"

"ಅಲ್ಲ. ಅದಕ್ಕೆ ಮೊದಲು ನಾನು ಸೂಚನೆಯನ್ನೇ ಕಳಿಸಿರ್ಲಿಲ್ಲ."

ಅಲವಿಯ ತುಟಿ ಬಿಳಿಚಿಕೊಂಡಿತು. ಅವನ ಕೈಯಲ್ಲಿದ್ದ ಪೊಟ್ಟಣದ ಬಾಳೆಲೆ ಸರಸರ ಸದ್ದು ಮಾಡಿತು. ಅನ್ನಕ್ಕುಟ್ಟಿ ಅದನ್ನು ನೋಡಿದರು.

"ಇನ್ನೂ ಒಂದಿದೆ ಮೇಡಂ" ಎಂದಳು ಸಜಿತ, ದನಿ ತಗ್ಗಿಸಿ. "ಆ ಕಂಪ್ಯೂಟರಿಗೆ ಪೂಜೆ ಮುಗಿದ ಮೇಲೆ ಹೊಸ ಮೌಸ್ ಒಂದನ್ನ ಸಿಕ್ಕಿಸಿದ್ದಾರೆ. ಇಲ್ಲಿ ಬಂದಿದೆ ನೋಡಿ. ಮೊದಲಿಂದ ಇರೋದು ಇದೆ. ಅದರ ಜೊತೆಗೆ ಇನ್ನೊಂದು."

"ಒಂದು ಕೈಗೆ ಎರಡು ಮೌಸ್ ಯಾಕೆ?"

"ಅದೇ ಗೊತ್ತಾಗ್ತಿಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಪೊದುವಾಳ್ ಬಂದರು. ದೇವಸ್ಥಾನದಿಂದ ನೇರವಾಗಿ ಬಂದಿದ್ದರು. ಜರಿಯಂಚಿನ ಮುಂಡು, ಹಣೆಯಲ್ಲಿ ಹಸಿ ಗಂಧ, ಕಿವಿಯ ಮೇಲೆ ತುಳಸಿ ಎಸಳು. ಅಲವಿಯನ್ನು ಕಂಡವರೇ ನಿಂತರು.

"ಇವನನ್ನ ಇನ್ನೂ ಇಟ್ಕೊಂಡಿದ್ದೀರಾ? ಬಿರಿಯಾನಿ ತಿನ್ನಿಸಿ ಕಳಿಸೋ ಯೋಚನೆಯಾ?"

"ನೀವು ಕೊಡ್ಸಿದ್ರೆ ನಾನೂ ತಿಂತೀನಿ ಸಾರ್" ಎಂದರು ಅನ್ನಕ್ಕುಟ್ಟಿ. "ಬನ್ನಿ, ಅದಕ್ಕೆ ಮೊದಲು ಪರೀಕ್ಷಾ ಕೋಣೆ ನೋಡ್ಕೊಂಡು ಬರೋಣ."

ನಾಲ್ವರೂ ಕಷಾಯದ ಅಂಗಳ ದಾಟಿದರು. ದಿನವೂ ಹೊಗೆ, ಕುದಿಯುವ ಬೇರಿನ ವಾಸನೆ, ಹೆಂಗಸರ ಕೂಗಾಟ ಇರುವ ಜಾಗ. ಇಂದು ಕೊಪ್ಪರಿಗೆಗಳೆಲ್ಲ ಬೋರಲಾಗಿ ಮಲಗಿದ್ದವು. ಬಿಸಿಲು ಅವುಗಳ ಬೆನ್ನಿನ ಮೇಲೆ ಬಿಳಿಯಾಗಿ ಕೂತಿತ್ತು. ಒಂದು ಕಾಗೆಯೂ ಇರಲಿಲ್ಲ.

ಸಜಿತ ನಡೆಯುತ್ತಲೇ ಅಲವಿಯ ಕಡೆ ನೋಡಿದಳು. ಅವನು ಪರೀಕ್ಷಾ ಕೋಣೆಯ ಕಟ್ಟಡದ ಹಿಂಭಾಗಕ್ಕೆ ಕಣ್ಣು ಹಾಯಿಸುತ್ತಿದ್ದ. ಅಲ್ಲಿ, ಮೂಟೆಗಳನ್ನು ಒಳಗೆ ತಳ್ಳುವ ಒಂದು ಕಿರುಗದ ಇತ್ತು.

ಮುದ್ರೆ ಮುರಿದಿರಲಿಲ್ಲ. ಅನ್ನಕ್ಕುಟ್ಟಿ ಅದನ್ನು ಬೆರಳಿನಿಂದ ಸವರಿ, ತಮ್ಮ ಗುರುತು ಹಾಗೇ ಇದೆಯೆಂದು ಖಚಿತಪಡಿಸಿಕೊಂಡು ಒಡೆದರು.

ಬಾಗಿಲು ತೆರೆದಾಗ ಬಾಡಿದ ಹೂವಿನ ವಾಸನೆ ಬಂತು.

ಉದ್ದನೆಯ ಕೋಣೆ. ಗಾಜಿನ ಸೀಸೆಗಳು, ತಕ್ಕಡಿ, ಕೊನೆಯಲ್ಲಿ ಭಾಮಳ ಮೇಜು. ಮೇಜಿನ ಹಿಂದೆ ಪ್ಲೈವುಡ್ಡಿನ ಗೋಡೆ. ಅದರಾಚೆ ಮಾದರಿ ಕೋಣೆ. ವೈದ್ಯಶಾಲೆ ಮಾಡಿದ ಪ್ರತಿಯೊಂದು ಔಷಧಿಯ ಒಂದಿಷ್ಟನ್ನು ಅಲ್ಲಿ ಕಾಪಿಟ್ಟಿರುತ್ತಾರೆ. ಗೋಡೆಯಲ್ಲಿ ಒಂದು ಗಾಜಿನ ಹಲಗೆ, ಅದರ ಪಕ್ಕದಲ್ಲಿ ಬೀಗ ಹಾಕಿದ ಬಾಗಿಲು. ಆ ಬೀಗದ ಕೈ ಭಾಮಳ ಸೊಂಟದಲ್ಲಿರುತ್ತಿತ್ತು. ಅವಳ ಜೊತೆಗೇ ಹೊಳೆಗೆ ಹೋಯಿತೆಂದು ಎಲ್ಲರೂ ತಿಳಿದಿದ್ದರು.

ಭಾಮಳ ಕಂಪ್ಯೂಟರಿಗೆ ಬಟ್ಟೆ ಹೊದಿಸಿರಲಿಲ್ಲ, ಪರದೆ ತೆರೆದೇ ಇತ್ತು. ಪರೀಕ್ಷೆಯ ಯಂತ್ರಕ್ಕೆ ಜೋಡಿಸಿದ್ದರಿಂದ ಅದು ಎಂದೂ ತಾನಾಗಿ ಮುಚ್ಚಿಕೊಳ್ಳದಂತೆ ಸಜಿತಳೇ ಹಿಂದೆ ಏರ್ಪಾಡು ಮಾಡಿದ್ದಳು.

ಅನ್ನಕ್ಕುಟ್ಟಿ ಬಗ್ಗಿ ನೋಡಿದರು. ಕೀಲಿಮಣೆಯ ಗಂಧ ಒಣಗಿ ಗಟ್ಟಿಯಾಗಿತ್ತು. ಒಂದು ಬಿರುಕೂ ಇಲ್ಲ. ಮೌಸಿನ ಮೇಲಿನ ಕೇಪಳ ಹೂ ಬಾಡಿತ್ತು, ಆದರೆ ಇಟ್ಟಲ್ಲೇ ಇತ್ತು. ಅದರ ಎಸಳಿಗೂ ಮೌಸಿಗೂ ನಡುವೆ ಸಣ್ಣ ಜೇಡವೊಂದು ಬಲೆ ನೇಯ್ದಿತ್ತು.

"ಯಾರೂ ಮುಟ್ಟಿಲ್ಲ" ಎಂದರು ಪೊದುವಾಳ್. "ಈ ಹುಡುಗಿಗೆ ಭ್ರಮೆ."

"ಇವಳ ಯಂತ್ರಕ್ಕೂ ಭ್ರಮೆಯಾ ಸಾರ್?"

"ಹಾಗಾದ್ರೆ ಇವನೇ ಮಾಡಿರ್ಬೇಕು." ಅವರು ಅಲವಿಯತ್ತ ಗದ್ದ ತೋರಿಸಿದರು. "ಪೂಜೆಗಿಟ್ಟದ್ದನ್ನ ಮುಟ್ಟೋ ಧೈರ್ಯ ಇಲ್ಲಿ ಇನ್ಯಾರಿಗಿದೆ? ಅವನಿಗೆ ಸರಸ್ವತಿಯೂ ಇಲ್ಲ, ನವಮಿಯೂ ಇಲ್ಲ."

ಸಜಿತಳ ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡಳು.

ಅನ್ನಕ್ಕುಟ್ಟಿ ನಿಧಾನವಾಗಿ ಮೇಲೆದ್ದರು.

"ನೀವು ಹೇಳಿದ್ದೇ ಇವನನ್ನ ಬಿಡಿಸ್ತು ಸಾರ್."

"ಏನಂದ್ರಿ?"

"ಅಲವಿ ಆಗಿದ್ರೆ ಏನ್ಮಾಡ್ತಿದ್ದ? ಹೂವೆತ್ತಿ ಪಕ್ಕಕ್ಕಿಟ್ಟು, ಒತ್ತಿ, ಮತ್ತೆ ಹೂವಿಟ್ಟು ಹೋಗ್ತಿದ್ದ. ನಾನಾಗಿದ್ರೂ ಅಷ್ಟೇ. ನಮಗಿಬ್ರಿಗೂ ಅದು ಬರೀ ಹೂವು. ಆದ್ರೆ ಇಲ್ಲಿ ಕೈ ಹಾಕಿದವರು ಪೂಜೆಗಿಟ್ಟ ಮೌಸ್ ಮುಟ್ಟಬಾರದು ಅಂತ ಬೇರೆ ಮೌಸ್ ತಂದಿದ್ದಾರೆ. ಪೊಲೀಸರಿಗೆ ಹೆದರಿದವರಲ್ಲ ಇವರು. ದೇವಿಗೆ ಹೆದರಿದವರು."

ಪೊದುವಾಳರ ಮುಖದ ಮೇಲೆ ಬೆವರೊಡೆಯಿತು. "ಹಾಗಂದ್ರೆ ನಾನು ಅಂತಲಾ?"

"ನೀವಲ್ಲ. ಸಜಿತಾ, ಈ ಕಂಪ್ಯೂಟರಿಗೆ ಏನು ಮಾಡು ಅಂತ ಸಾರ್ ಹೇಳಿದ್ರು?"

ಸಜಿತ ನೆಲ ನೋಡಿದಳು. "ಬೇರೆ ಎಲ್ಲದರಲ್ಲೂ ಹಳೇದನ್ನ ಉಳಿಸಿ ಹೊಸ ಸಿಸ್ಟಂ ಹಾಕು ಅಂದ್ರು. ಇದರಲ್ಲಿ ಮಾತ್ರ ಎಲ್ಲ ಅಳಿಸಿ ಹಾಕು ಅಂದ್ರು."

"ವೈರಸ್ ಇದೆ ಅಂತ ಯಾರೋ ಹೇಳಿದ್ರು!"

"ಯಾರು?"

"ನೆನಪಿಲ್ಲ."

"ಮೇಡಂ, ನಾನು ನೋಡಿದ್ದೆ, ವೈರಸ್ ಇರ್ಲಿಲ್ಲ" ಎಂದಳು ಸಜಿತ. ಹೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು. "ಸಾರ್‌ಗೂ ಹೇಳಿದ್ದೆ. ಹೇಳಿದಷ್ಟು ಮಾಡು ಅಂದ್ರು. ಇವತ್ತು ಬೆಳಿಗ್ಗೆ ನಾನೇ ಇದನ್ನ ತಡೆದಿಟ್ಟಿದ್ದೀನಿ. ಈಗ ಏನೂ ಅಳಿಯಲ್ಲ."

ಪೊದುವಾಳ್ ಅವಳನ್ನು ನೋಡಿದ ರೀತಿಗೆ ಅವಳು ಅಲವಿಯ ಪಕ್ಕಕ್ಕೆ ಸರಿದಳು.

"ನೀವು ಇದು ಅಳಿಯಲಿ ಅಂತಿದ್ದೀರಿ" ಎಂದರು ಅನ್ನಕ್ಕುಟ್ಟಿ. "‘ಆಮೇಲೆ’ ಅಂತ ಒತ್ತಿದ ಕೈ ಇದು ಉಳಿಯಲಿ ಅಂತಿದೆ. ಎರಡೂ ಒಂದೇ ಮೈಗೆ ಸೇರಿದ್ದಲ್ಲ. ನಿಮ್ಮ ಕಥೆ ಠಾಣೇಲಿ ನಿಧಾನವಾಗಿ ಕೇಳ್ತೀನಿ. ಆ ಕೈ ಎಲ್ಲಿ ಅಂತ ಮೊದಲು ಗೊತ್ತಾಗ್ಲಿ. ಮೋಳೇ, ಆ ಇನ್ನೊಂದು ಮೌಸ್ ಎಲ್ಲಿ?"

ಸಜಿತ ಮೇಜಿನ ಕೆಳಗೆ ತೂರಿಕೊಂಡಳು. ಧೂಳು, ತಂತಿಗಳ ಗೋಜಲು. ಕಂಪ್ಯೂಟರಿನ ಹಿಂಬದಿಗೆ ಕೈ ಹಾಕಿ ಒಂದೊಂದನ್ನೇ ಸವರಿದಳು. ಪರದೆಯದು. ಯಂತ್ರದ್ದು. ಕೀಲಿಮಣೆಯದು. ಹೂವಿಟ್ಟ ಮೌಸಿನದು.

ಇನ್ನೊಂದು ಇತ್ತು. ತೆಳ್ಳಗೆ, ಕಪ್ಪಗೆ, ಧೂಳಿಲ್ಲದ್ದು.

ಅವಳ ಬೆರಳು ಅದರ ಜಾಡು ಹಿಡಿದು ಹೋಯಿತು. ಅದು ಮೇಲೆ ಮೇಜಿಗೆ ಹೋಗಲಿಲ್ಲ. ಹಿಂದೆ, ಪ್ಲೈವುಡ್ ಗೋಡೆಯ ಕಡೆ ಹೋಯಿತು. ಅಲ್ಲಿ ತಂತಿ ಹಾಯಿಸಲು ಕೊರೆದ, ಮುಷ್ಟಿ ಹಿಡಿಸುವಷ್ಟು ಅಗಲದ ಕಿಂಡಿಯಿತ್ತು. ತಂತಿ ಅದರೊಳಗೆ ಇಳಿದಿತ್ತು.

ಸಜಿತ ಕೈ ಸರಕ್ಕನೆ ಹಿಂದೆಗೆದಳು. ಕಿಂಡಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು.

ಹೊರಗೆ ಬಂದು ಗೋಡೆಯತ್ತ ಬೆರಳು ತೋರಿಸಿದಳು.

ಎಲ್ಲರೂ ಗಾಜಿನ ಹಲಗೆಯ ಕಡೆ ತಿರುಗಿದರು. ಆಚೆ ಕತ್ತಲೆ. ಗಾಜಿನಲ್ಲಿ ಅವರವೇ ಮುಖಗಳು ಕಂಡವು. ಆದರೆ ಒಳಗೆ ಗಾಜಿಗೆ ಮೂಗು ತಾಗಿಸಿ ನಿಂತವರಿಗೆ ಈ ಪರದೆ ಓರೆಯಾಗಿ ಕಾಣುತ್ತದೆ. ಭಾಮ ಎಷ್ಟೋ ಸಲ ಮಾದರಿ ಜೋಡಿಸುತ್ತಲೇ ಅಲ್ಲಿಂದ ಪರೀಕ್ಷೆಯ ಮೇಲೆ ಕಣ್ಣಿಡುತ್ತಿದ್ದಳು.

"ಸೂಚನೆ ಇನ್ನೊಂದ್ಸಲ ಕಳಿಸ್ಬೋದಾ?" ಅನ್ನಕ್ಕುಟ್ಟಿ ಪಿಸುಗುಟ್ಟಿದರು. "ಬರೀ ಸೂಚನೆ?"

ಸಜಿತ ತಲೆಯಾಡಿಸಿದಳು. ಲ್ಯಾಪ್‌ಟಾಪನ್ನು ತೋಳಿನ ಮೇಲಿಟ್ಟುಕೊಂಡು, ಒತ್ತಿದಳು.

ಭಾಮಳ ಪರದೆಯ ನಡುವೆ ಬಿಳಿ ಚೌಕವೊಂದು ಮೂಡಿತು. ಹೊಸ ಸಿಸ್ಟಂ ಸಿದ್ಧವಾಗಿದೆ. ಈಗ. ಆಮೇಲೆ.

ಎಲ್ಲರೂ ಪರದೆಯ ಕಡೆ ಬಾಗಿದರು.

ಪರದೆಯ ಮೂಲೆಯಲ್ಲಿದ್ದ ಬಾಣ ಅಲುಗಿತು. ಮೇಜಿನ ಮೇಲೆ ಜೇಡರಬಲೆ ಅಲುಗಲಿಲ್ಲ. ಬಾಣ ನಿಂತಿತು. ಮತ್ತೆ ಹೊರಟಿತು, ಕತ್ತಲಲ್ಲಿ ಗೋಡೆ ಸವರಿಕೊಂಡು ನಡೆಯುವವರಂತೆ. ‘ಈಗ’ ಎಂಬುದನ್ನು ಬಳಸಿಕೊಂಡು ಹೋಗಿ ‘ಆಮೇಲೆ’ಯ ಮೇಲೆ ಕೂತಿತು.

ಟಿಕ್ ಎಂಬ ಸದ್ದು ಗೋಡೆಯ ಆಚೆಯಿಂದ ಬಂತು.

"ಭಾಮ ಚೇಚಿ!" ಸಜಿತಳ ಕಣ್ಣು ತುಂಬಿತು. "ಮೇಡಂ, ಚೇಚಿ ಬದುಕಿದ್ದಾರೆ! ಅಲವಿಕ್ಕನ ಮೇಲೆ ಇನ್ನೇನೂ ಇಲ್ಲ ಅಲ್ವಾ?"

ಅವಳು ಬಾಗಿಲಿನತ್ತ ಧಾವಿಸಿದಳು. ಅಲವಿ ಅವಳ ಮುಂಗೈ ಹಿಡಿದ. ಅಷ್ಟು ಗಟ್ಟಿಯಾಗಿ ಅವನು ಯಾರನ್ನೂ ಹಿಡಿದದ್ದನ್ನು ಅವಳು ಕಂಡಿರಲಿಲ್ಲ. ಪೊಟ್ಟಣ ನೆಲಕ್ಕೆ ಬಿತ್ತು.

"ಬೇಡ ಮೋಳೇ. ಹತ್ರ ಹೋಗ್ಬೇಡ."

"ಬಿಡಿ ಇಕ್ಕ! ಒಳಗೆ ಚೇಚಿ..."

"ಅದು ಅವಳಲ್ಲ."

ಅನ್ನಕ್ಕುಟ್ಟಿ ತಿರುಗಿ ನೋಡಿದರು.

"ಇಷ್ಟು ದಿನ ಅವಳು ಇಲ್ಲೇ ಇದ್ಲು ಮೇಡಂ. ನಾನೇ ಬಚ್ಚಿಟ್ಟಿದ್ದೆ. ಔಷಧಿ ಪರೀಕ್ಷೇಲಿ ಕಾಣಬಾರದ್ದು ಕಂಡುಬಿಟ್ಟೆ, ಜೀವಕ್ಕೆ ಅಪಾಯ ಇದೆ ಅಲವಿಕ್ಕ ಅಂದ್ಲು. ಪೊಲೀಸ್ ಮುದ್ರೆ ಬಿದ್ದ ಕೋಣೆಗಿಂತ ಭದ್ರವಾದ ಜಾಗ ಎಲ್ಲಿ ಸಿಗತ್ತೆ? ಕೊಡೆ ಆವತ್ತು ನನ್ನ ಗೂಡಲ್ಲೇ ಮರೆತುಬಿಟ್ಲು. ಚಪ್ಪಲಿ ಹೊಳೆಹತ್ರ ಇಟ್ಟಿದ್ದೂ ನಾನೇ. ಹಿಂದಿನ ಕಿರುಗದದಿಂದ ಊಟ ಕೊಡ್ತಿದ್ದೆ."

"ನಾನು ಕೇಳಿದಾಗ ಯಾಕಯ್ಯಾ ಹೇಳ್ಲಿಲ್ಲ? ನೇಣಿಗೆ ಹೋಗೋನಿದ್ದೆ!"

"ಮಾತು ಕೊಟ್ಟಿದ್ದೆ ಮೇಡಂ."

"ಎಲ್ಲಿದ್ದಾಳೆ ಅವಳು?" ಪೊದುವಾಳ್ ಕೇಳಿದರು. ಅವರ ದನಿ ಬೇರೆಯಾಗಿತ್ತು.

ಅನ್ನಕ್ಕುಟ್ಟಿ ಅವರ ಕಡೆ ನೋಡದೆಯೇ ಹೇಳಿದರು. "ಬದುಕಿದ್ದಾಳಾ ಅಂತ ಮೊದಲು ಖುಷಿ ಪಡ್ಬೇಕಿತ್ತು ಸಾರ್. ಬಾಗಿಲ ಹತ್ರ ಹೋಗ್ಬೇಡಿ, ಇಲ್ಲೇ ನಿಂತಿರಿ. ಅಲವೀ, ಎಲ್ಲಿ ಅಂತ ಹೇಳ್ಬೇಡ. ಯಾವಾಗ ಹೋದ್ಲು ಅಂತ ಹೇಳು."

"ಅಷ್ಟಮಿ ಸಂಜೆ. ತಿರುಮೇನಿ ಇಲ್ಲಿ ಗಂಧ ಹಚ್ಚಿ ಮುಗಿಸಿದ್ರು, ನೀವು ಮುದ್ರೆ ಒತ್ತಿ ಹಜಾರಕ್ಕೆ ಹೋದ್ರಿ. ಎಲ್ರೂ ಅಲ್ಲಿ ಆರತಿ ನೋಡ್ತಾ ಇದ್ದಾಗ ಅವಳನ್ನ ಹಿಂದಿಂದ ಇಳಿಸಿ ಕರ್ಕೊಂಡು ಹೋದೆ. ಕಿರುಗದಕ್ಕೆ ನಾನೇ ಹೊರಗಿಂದ ಮೊಳೆ ಹೊಡೆದೆ. ಬರೋವಾಗ ನೋಡಿದ್ನಲ್ಲ, ಮೊಳೆ ಹಾಗೇ ಇವೆ. ಇನ್ನು ಈ ಬಾಗಿಲಿನ ಬೀಗದ ಕೈ..."

ಅವನು ಅಗಲವಾದ ಸೊಂಟಪಟ್ಟಿಯ ಜೇಬು ಬಿಚ್ಚಿದ. ಹಿತ್ತಾಳೆಯ ಬೀಗದ ಕೈಯನ್ನು ಅಂಗೈಯಲ್ಲಿಟ್ಟು ತೋರಿಸಿದ.

"ಆಗಿಂದ ನನ್ನ ಹತ್ರಾನೇ ಇದೆ. ಒಳಗೆ ಯಾರೂ ಇಲ್ಲ ಮೇಡಂ. ಯಾರೂ ಇರೋಕಾಗಲ್ಲ."

ಮೇಜಿನ ಕೆಳಗೆ ಏನೋ ಕಳಚಿದ ಸದ್ದಾಯಿತು.

ಸಜಿತ ಬಗ್ಗಿ ನೋಡಿದಳು. ಕಪ್ಪು ತಂತಿ ಕಂಪ್ಯೂಟರಿನಿಂದ ಬಿಡಿಸಿಕೊಂಡು ನೆಲದ ಮೇಲೆ ಹರಿಯುತ್ತಿತ್ತು. ಅವಸರವಿಲ್ಲದೆ, ಸ್ವಲ್ಪ ಸ್ವಲ್ಪವಾಗಿ, ಅದು ಕಿಂಡಿಯೊಳಗೆ ಸರಿದುಹೋಯಿತು. ಕೊನೆಗೆ ತುದಿಯೂ ಒಳಗೆ ಸೇರಿತು.

ಅನ್ನಕ್ಕುಟ್ಟಿ ಬೀಗದ ಕೈ ತೆಗೆದುಕೊಂಡರು, ಆದರೆ ಅವರ ಕಾಲು ಮುಂದೆ ಸರಿಯಲಿಲ್ಲ. ಅಲವಿ ತುಟಿಯಲ್ಲೇ ಏನೋ ಪ್ರಾರ್ಥಿಸುತ್ತಿದ್ದ. ಪೊದುವಾಳ್ ಗೋಡೆಗೆ ಒರಗಿದ್ದರು.

ಊರಲ್ಲಿ ಯಾರೆದುರೂ ದನಿಯೆತ್ತಿ ಮಾತಾಡದ ಸಜಿತ, ಅಲವಿಯನ್ನು ದಾಟಿ ಬಾಗಿಲ ಹತ್ತಿರ ಹೋದಳು. ಮರಕ್ಕೆ ಅಂಗೈ ಇಟ್ಟಳು. ಆಚೆಯಿಂದಲೂ ಯಾರೋ ಅಲ್ಲೇ ಅಂಗೈ ಇಟ್ಟಿದ್ದಾರೆಂದು ಅವಳಿಗೆ ಅನ್ನಿಸಿತು.

"ಒಳಗೆ ಇರೋದು ಯಾರು?" ಎಂದಳು. "ದಯವಿಟ್ಟು ಹೆಸರು ಹೇಳಿ."